ತಿಂಗಳ ಲೆನ್ಸ್ ಹಾಕಿಕೊಂಡೇ ಮಲಗಬಹುದಾ? ಅಂಗಡಿಯವರು ಹೂಂ ಅಂದಿದ್ದಾರೆ

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ತಂಗಿಯ ವಿಷಯಕ್ಕೆ ಕೇಳುತ್ತಿದ್ದೇನೆ. ಬೆಂಗಳೂರಿನಲ್ಲಿ ರಾತ್ರಿ ಪಾಳಿ ಕೆಲಸ. ಎರಡೂ ಕಣ್ಣಿಗೆ ಮೈನಸ್ ಐದೂವರೆ. ಬೆಳಿಗ್ಗೆ ಕ್ಯಾಬ್ ಇಳಿದು ರೂಮಿಗೆ ಬಂದವಳೇ ಲೆನ್ಸ್ ತೆಗೆಯದೆ ಹಾಸಿಗೆಗೆ ಬೀಳುತ್ತಾಳೆ. ದಾವಣಗೆರೆಗೆ ಬರುವಾಗ ಸ್ಲೀಪರ್ ಬಸ್ಸಲ್ಲೂ ಅದೇ ಕಥೆ. ಬೈದರೆ, "ಇದು ತಿಂಗಳ ಲೆನ್ಸ್ ಅಕ್ಕ, ಚೆನ್ನಾಗಿ ಗಾಳಿಯಾಡುತ್ತೆ, ಮಲಗಿದ್ರೂ ಏನಾಗಲ್ಲ ಅಂತ ಅಂಗಡಿಯವರೇ ಹೇಳಿದ್ದಾರೆ" ಅಂತಾಳೆ. ನಾನು ಕನ್ನಡಕದವಳು, ಲೆನ್ಸ್ ಬಗ್ಗೆ ಏನೂ ಗೊತ್ತಿಲ್ಲ. ಗೊತ್ತಿರುವವರು ಹೇಳಿ. ಸುಮ್ನೆ ಹೆದರಿಸುವುದು ಬೇಡ, ಸುಮ್ನೆ ಸಮಾಧಾನವೂ ಬೇಡ.

ಗಂಡಭೇರುಂಡ:
ಕಾಲೇಜಿನಿಂದ ಹಾಕಿಕೊಂಡೇ ಮಲಗುತ್ತಿದ್ದೇನೆ. ಏನೂ ಆಗಿಲ್ಲ. ಬೆಳಿಗ್ಗೆ ಸ್ವಲ್ಪ ಒಣಗಿದ ಹಾಗಿರುತ್ತದೆ, ಎರಡು ಹನಿ ಡ್ರಾಪ್ಸ್ ಹಾಕಿದರೆ ಸರಿ. ನಿಮ್ಮ ತಂಗಿಯನ್ನು ಬಿಟ್ಟುಬಿಡಿ, ರಾತ್ರಿಯೆಲ್ಲ ದುಡಿದು ಬಂದಿರುತ್ತಾಳೆ ಪಾಪ.

ಕಣ್ಣಳತೆ:
ನಾನು ಆಪ್ಟೊಮೆಟ್ರಿಸ್ಟ್. ಲೆನ್ಸ್ ಅಳತೆ ನೋಡಿ ಕೊಡುವುದೇ ನನ್ನ ದಿನದ ಕೆಲಸ. ಮೊದಲು ಆ "ತಿಂಗಳ" ವಿಷಯ ಹೇಳಿಬಿಡುತ್ತೇನೆ. ತಿಂಗಳ ಲೆನ್ಸ್ ಅಂದರೆ ಹಗಲು ಹಾಕಿ, ರಾತ್ರಿ ತೆಗೆದು, ತೊಳೆದು, ತಿಂಗಳಾದ ಮೇಲೆ ಎಸೆಯುವ ಲೆನ್ಸ್. ತಿಂಗಳು ಪೂರ್ತಿ ಕಣ್ಣಲ್ಲಿ ಬಿಡುವುದು ಅಂತಲ್ಲ. ಮಲಗುವಾಗಲೂ ಹಾಕಿಕೊಳ್ಳಲು ಅನುಮತಿ ಇರುವ ಲೆನ್ಸ್‌ಗಳು ಬೇರೆಯೇ ಇವೆ, ಕೆಲವು ಮಾತ್ರ. ಕೆಲವಕ್ಕೆ ಆರು ರಾತ್ರಿ, ಒಂದೆರಡಕ್ಕೆ ಮೂವತ್ತು ರಾತ್ರಿ. ಅದೂ ಡಾಕ್ಟರು ಕಣ್ಣು ನೋಡಿ ಸರಿ ಅಂದ ಮೇಲೆ. ಡಬ್ಬದ ಒಳಗೆ ಮಡಚಿಟ್ಟ ಕಾಗದ ಇರುತ್ತದಲ್ಲ, ಎಲ್ಲರೂ ಎಸೆಯುವುದು, ಅದರಲ್ಲಿ 'ಡೈಲಿ ವೇರ್' ಅಂತಿದ್ದರೆ ಹಗಲಿಗೆ ಮಾತ್ರ. 'ಎಕ್ಸ್‌ಟೆಂಡೆಡ್ ವೇರ್' ಅಂತಿದ್ದರೆ ರಾತ್ರಿಗೂ ಅನುಮತಿ ಇದೆ. ತಂಗಿಯ ಹತ್ತಿರ ಅದರ ಫೋಟೊ ತರಿಸಿ.

ಯಾಕೆ ತೆಗೆಯಬೇಕು ಅಂದರೆ, ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರ ಕಾರ್ನಿಯಾಕ್ಕೆ ರಕ್ತನಾಳವೇ ಇಲ್ಲ. ಇದ್ದಿದ್ದರೆ ನಮಗೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಕಣ್ಣು ತೆರೆದಿರುವಾಗ ಅದು ಗಾಳಿಯಿಂದ, ಕಣ್ಣೀರಿನ ಮೂಲಕ ಆಮ್ಲಜನಕ ತೆಗೆದುಕೊಳ್ಳುತ್ತದೆ. ಕಣ್ಣು ಮುಚ್ಚಿದರೆ ರೆಪ್ಪೆಯ ಒಳಮೈಯಲ್ಲಿರುವ ನಾಳಗಳಿಂದ. ಅಲ್ಲಿ ಸಿಗುವುದು ತೆರೆದ ಕಣ್ಣಿಗೆ ಸಿಗುವುದರ ಸುಮಾರು ಮೂರನೇ ಒಂದು ಭಾಗ. ಲೆನ್ಸ್ ಇಲ್ಲದೆ ಮಲಗಿದರೂ ಬೆಳಗಾಗುವಷ್ಟರಲ್ಲಿ ಕಾರ್ನಿಯಾ ಶೇ. 3ರಿಂದ 4ರಷ್ಟು ಊದಿಕೊಂಡಿರುತ್ತದೆ, ಎದ್ದ ಮೇಲೆ ಇಳಿಯುತ್ತದೆ. ಹಳೇ ಕಾಲದ ಸಾಫ್ಟ್ ಲೆನ್ಸ್ ಹಾಕಿ ಮಲಗಿದರೆ ಅದು ಶೇ. 10 ದಾಟುತ್ತಿತ್ತು.

ತುಂಗಾತೀರ:
ಸರ್, ಒಂದು ಸಂದೇಹ. ಈಗ ಸಿಲಿಕೋನ್ ಹೈಡ್ರೋಜೆಲ್ ಅಂತ ಬಂದಿದೆಯಲ್ಲ, ಆಮ್ಲಜನಕ ಚೆನ್ನಾಗಿ ಬಿಡುತ್ತದಂತೆ. ತೊಂದರೆ ಆಮ್ಲಜನಕದ್ದೇ ಆಗಿದ್ದರೆ ಈಗ ಅದು ಮುಗಿದ ಕಥೆ ಅಲ್ವಾ? ಅಂಗಡಿಯವನು ಹೇಳಿದ್ದೂ ಅದನ್ನೇ ಇರಬೇಕು.

ಕಣ್ಣಳತೆ:
ಒಳ್ಳೆ ಪ್ರಶ್ನೆ. 1999ರಲ್ಲಿ ಆ ಲೆನ್ಸ್ ಮಾರುಕಟ್ಟೆಗೆ ಬಂದಾಗ ನಮ್ಮ ವೃತ್ತಿಯವರೂ ಹಾಗೇ ಅಂದುಕೊಂಡಿದ್ದರು. ಹಿಂದಿನ ಕಥೆ ಸ್ವಲ್ಪ ಕೇಳಿ. 1981ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 30 ದಿನ ತೆಗೆಯದೆ ಹಾಕುವ ಸಾಫ್ಟ್ ಲೆನ್ಸ್‌ಗೆ ಒಪ್ಪಿಗೆ ಕೊಟ್ಟಿತು. ಜನ ಮುಗಿಬಿದ್ದು ಕೊಂಡರು. ಕಣ್ಣಿನ ಹುಣ್ಣಿನ ಕೇಸುಗಳು ಶುರುವಾದವು. 1989ರಲ್ಲಿ ನ್ಯೂ ಇಂಗ್ಲೆಂಡ್ ಭಾಗದ ಲೆಕ್ಕ ಬಂತು: ಹಗಲು ಮಾತ್ರ ಹಾಕುವವರಲ್ಲಿ ವರ್ಷಕ್ಕೆ 10,000 ಜನರಲ್ಲಿ 4.1 ಮಂದಿಗೆ ಹುಣ್ಣು, ರಾತ್ರಿಯೂ ಹಾಕುವ ಲೆನ್ಸಿನವರಲ್ಲಿ 20.9. ಅದೇ ವರ್ಷ ಎಫ್‌ಡಿಎ ಮೂವತ್ತು ದಿನವನ್ನು ಏಳಕ್ಕೆ ಇಳಿಸಿತು.

ಆಮೇಲೆ ಸಿಲಿಕೋನ್ ಹೈಡ್ರೋಜೆಲ್ ಬಂತು. ಊತ ಕಡಿಮೆ ಆಯಿತು, ಅದು ನಿಜ. ಕಣ್ಣಿನ ಅಂಚಿನಲ್ಲಿ ಕೆಂಪು ನಾಳ ಬೆಳೆಯುವುದೂ ಕಡಿಮೆ ಆಯಿತು. ಆದರೆ 2008ರಲ್ಲಿ ಆಸ್ಟ್ರೇಲಿಯಾದ ದೊಡ್ಡ ಅಧ್ಯಯನ ಪ್ರಕಟವಾದಾಗ ನೋಡಿದರೆ: ಹಗಲು ಹಾಕುವ ಸಾಫ್ಟ್ ಲೆನ್ಸ್‌ಗೆ 10,000ಕ್ಕೆ 1.9, ಹಳೇ ಸಾಫ್ಟ್ ಲೆನ್ಸ್ ಹಾಕಿ ಮಲಗುವವರಿಗೆ 19.5, ಸಿಲಿಕೋನ್ ಹೈಡ್ರೋಜೆಲ್ ಹಾಕಿ ಮಲಗುವವರಿಗೆ 25.4. ಹೊಸ ಲೆನ್ಸ್ ಬಂದರೂ ಸೋಂಕು ಇಳಿಯಲೇ ಇಲ್ಲ.

ಯಾಕೆಂದರೆ ಆಮ್ಲಜನಕ ಅರ್ಧ ಕಥೆ ಮಾತ್ರ. ಎಚ್ಚರ ಇರುವಾಗ ರೆಪ್ಪೆ ಬಡಿದು ಬಡಿದು ಕಣ್ಣೀರು ಹರಿಯುತ್ತಿರುತ್ತದೆ, ಕಸ, ಕ್ರಿಮಿ ಎಲ್ಲ ತೊಳೆದು ಹೋಗುತ್ತದೆ. ಮಲಗಿದಾಗ ಬಡಿತ ನಿಲ್ಲುತ್ತದೆ. ಲೆನ್ಸಿನ ಹಿಂದೆ ಸಿಕ್ಕಿಕೊಂಡ ಕಣ್ಣೀರು ನಿಂತ ನೀರಾಗುತ್ತದೆ. ಲೆನ್ಸಿಗೆ ಅಂಟಿದ ಬ್ಯಾಕ್ಟೀರಿಯಾಕ್ಕೆ ಬೆಚ್ಚಗೆ, ಒದ್ದೆಯಾಗಿ, ಕದಲದೆ ಕೂರಲು ಗಂಟೆಗಟ್ಟಲೆ ಸಮಯ ಸಿಗುತ್ತದೆ. ಅದರಲ್ಲೂ ಸ್ಯೂಡೊಮೊನಾಸ್ ಅಂತ ಒಂದಿದೆ, ಲೆನ್ಸ್ ಡಬ್ಬಿ, ಸಿಂಕು, ನಲ್ಲಿ ಎಲ್ಲ ಕಡೆ ಇರುವಂಥದ್ದು. ಅದು ಕಾರ್ನಿಯಾಕ್ಕೆ ಇಳಿದರೆ ಎರಡು ಮೂರು ದಿನದಲ್ಲಿ ತೂತು ಮಾಡುವಷ್ಟು ಜೋರು.

ಗಂಡಭೇರುಂಡ:
ಸಾವಿರ ಮಾತು ಬೇಡ ಸರ್, ನೀವೇ ಕೊಟ್ಟ ಲೆಕ್ಕ ನೋಡಿ. ಹತ್ತು ಸಾವಿರಕ್ಕೆ ಇಪ್ಪತ್ತೈದು. ಅಂದರೆ 9,975 ಜನ ಆರಾಮಾಗಿ ಮಲಗಿದ್ದಾರೆ. ಸಿಲ್ಕ್ ಬೋರ್ಡಲ್ಲಿ ಗಾಡಿ ಓಡಿಸುವುದು ಇದಕ್ಕಿಂತ ಅಪಾಯ.

ಲೆಕ್ಕದ ಮೇಷ್ಟ್ರು:
ಅದು ಒಂದು ವರ್ಷದ ಲೆಕ್ಕ ಗುರುವೇ. ಕಾಲೇಜಿನಿಂದ ಹಾಕುತ್ತಿದ್ದೀರಿ ಅಂದಿರಿ. ಹತ್ತು ವರ್ಷ ಹೀಗೇ ಮಲಗಿದರೆ ಸುಮಾರು ನಲವತ್ತು ಜನಕ್ಕೆ ಒಬ್ಬ. ತೆಗೆದು ಮಲಗುವವರಲ್ಲಿ ಅದೇ ಹತ್ತು ವರ್ಷಕ್ಕೆ ಐನೂರು ಚಿಲ್ಲರೆ ಜನಕ್ಕೆ ಒಬ್ಬ. ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿರುತ್ತಾರೆ, ಅದರಲ್ಲಿ ಒಬ್ಬ. ಸಿಲ್ಕ್ ಬೋರ್ಡಿಗೆ ಹೋಗದಿದ್ದರೆ ಸಂಬಳ ಬರುವುದಿಲ್ಲ, ಹೋಗಲೇಬೇಕು. ಲೆನ್ಸ್ ತೆಗೆಯಲು ಎರಡು ನಿಮಿಷ ಸಾಕು. ನೀವು ಉಳಿಸುತ್ತಿರುವುದು ಆ ಎರಡು ನಿಮಿಷವನ್ನು ಅಷ್ಟೇ.

ಗಂಡಭೇರುಂಡ:
ಮೇಷ್ಟ್ರೇ, ಪಾಠ ಕೇಳಿದೆ. ಮನೆಯಲ್ಲಿ ಹೆಂಡತಿಯೂ ಇದನ್ನೇ ಹೇಳುತ್ತಾಳೆ, ಇಲ್ಲಿಗೆ ಬಂದರೂ ಬಿಡುಗಡೆ ಇಲ್ಲ.

ಡೆಟ್ರಾಯಿಟ್ ಕನ್ನಡಿಗ:
ಇಲ್ಲೂ ಅದೇ ಹಣೆಬರಹ. 2018ರಲ್ಲಿ ಇಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಲೆನ್ಸ್ ಹಾಕಿ ಮಲಗಿ ಕಣ್ಣು ಕೆಡಿಸಿಕೊಂಡ ಆರು ಜನರ ಕೇಸುಗಳನ್ನು ಬಿಡಿಸಿ ಬರೆದು ಪ್ರಕಟಿಸಿತು. ಲೆನ್ಸ್ ಹಾಕುವವರಲ್ಲಿ ಮೂರರಲ್ಲಿ ಒಬ್ಬರು ಹಾಕಿಕೊಂಡೇ ಮಲಗುತ್ತಾರೆ ಅಥವಾ ತೂಕಡಿಸುತ್ತಾರಂತೆ, ಸೋಂಕಿನ ಅಪಾಯ ಆರರಿಂದ ಎಂಟು ಪಟ್ಟು ಏರುತ್ತದಂತೆ. ಆ ಆರರಲ್ಲಿ ಒಬ್ಬ 59 ವರ್ಷದವನು. ಎರಡು ದಿನ ಬೇಟೆಗೆ ಹೋದಾಗ ಲೆನ್ಸ್ ತೆಗೆದಿರಲಿಲ್ಲ. ಕಾರ್ನಿಯಾ ತೂತಾಗಿ ತುರ್ತಾಗಿ ಕಸಿ ಮಾಡಬೇಕಾಯಿತು. ಎರಡೇ ದಿನದ ಪ್ರವಾಸ ಅದು! "ಇಷ್ಟು ವರ್ಷ ಏನೂ ಆಗಿಲ್ಲ" ಅನ್ನುವ ಮಾತಿಗೆ ಬೆಲೆ ಇಲ್ಲ ಅಂತ ನನಗೆ ಅನಿಸಿದ್ದು ಅದನ್ನು ಓದಿದ ಮೇಲೆ.

ಅಡಿಕೆ ತೋಟ:
ನಾನು ಸಾಗರದ ಕಡೆಯವ. ನಮ್ಮ ಅಕ್ಕನ ಮಗನಿಗೆ ಆದದ್ದು ಹೇಳುತ್ತೇನೆ. ಎಂಜಿನಿಯರಿಂಗ್ ಓದುತ್ತಿದ್ದ, ಹಾಸ್ಟೆಲ್. ಪರೀಕ್ಷೆ ಅಂತ ಓದುತ್ತಾ ಓದುತ್ತಾ ಲೆನ್ಸಲ್ಲೇ ನಿದ್ದೆ. ಒಂದು ದಿನ ಎದ್ದಾಗ ಎಡಗಣ್ಣು ಕೆಂಪು, ಮರಳು ಬಿದ್ದ ಹಾಗೆ ಚುಚ್ಚುವುದು. ಊರಲ್ಲೆಲ್ಲ ಕಣ್ಣುಬೇನೆ ಇತ್ತು, ಇದೂ ಅದೇ ಅಂದುಕೊಂಡ. ಮೆಡಿಕಲ್ ಶಾಪಿಗೆ ಹೋಗಿ ಕೆಂಪು ಹೋಗುವ ಡ್ರಾಪ್ಸ್ ಕೇಳಿ ತಂದ. ಹಾಕಿದ ಮೇಲೆ ಒಂದು ದಿನ ಹಾಯೆನಿಸಿತಂತೆ. ಮಾರನೇ ದಿನ ಟ್ಯೂಬ್‌ಲೈಟ್ ಕೂಡ ನೋಡಲಾಗದಷ್ಟು ನೋವು. ಅಕ್ಕ ಟಾರ್ಚ್ ಬಿಟ್ಟು ನೋಡಿದರೆ ಕಪ್ಪುಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ.

ಕಣ್ಣಾಸ್ಪತ್ರೆಯಲ್ಲಿ ಮರಗಟ್ಟುವ ಹನಿ ಹಾಕಿ ಆ ಚುಕ್ಕೆಯನ್ನೇ ಕೆರೆದು ಗಾಜಿನ ಮೇಲೆ ಸವರಿ ಪರೀಕ್ಷೆಗೆ ಕಳಿಸಿದರು. ಡಾಕ್ಟರು ಮೊದಲು ಕೇಳಿದ್ದು "ಲೆನ್ಸ್, ಡಬ್ಬಿ ಎಲ್ಲಿ?" ಅಂತ. ಅದರಿಂದಲೂ ಕ್ರಿಮಿ ಬೆಳೆಸಿ ಯಾವುದು ಅಂತ ಗುರುತಿಸಬಹುದಂತೆ. ಇವನು ಎರಡನ್ನೂ ಕಸದ ಬುಟ್ಟಿಗೆ ಹಾಕಿಯಾಗಿತ್ತು. ಆಮೇಲೆ ಗಂಟೆಗೊಂದು ಹನಿ. ಹಗಲೂ, ರಾತ್ರಿಯೂ. ಅಕ್ಕ ಭಾವ ಇಬ್ಬರೂ ಪಾಳಿ ಹಾಕಿಕೊಂಡು ಅಲಾರಾಂ ಇಟ್ಟು ಎದ್ದು ಹಾಕಿದರು. ಎರಡು ತರಹದ ಹನಿ, ನಡುವೆ ಐದು ನಿಮಿಷ ಬಿಡಬೇಕು. ಹುಣ್ಣು ವಾಸಿಯಾಯಿತು. ಆದರೆ ಕಣ್ಣಲ್ಲಿ ಹೂ ಬಿದ್ದಿದೆ. ಸ್ವಲ್ಪ ಪಕ್ಕಕ್ಕೆ ಇರುವುದರಿಂದ ಓದಲು ಅಡ್ಡಿ ಇಲ್ಲ, ರಾತ್ರಿ ಎದುರು ಬರುವ ಗಾಡಿಯ ಲೈಟು ಒಡೆದು ಕಾಣುತ್ತದೆ ಅಂತಾನೆ. ನಟ್ಟನಡುವೆ ಬಿದ್ದಿದ್ದರೆ ಕಾರ್ನಿಯಾ ಕಸಿಯೇ ಗತಿ ಅಂದರು.

ತುಂಗಾತೀರ:
ಕಸಿ ಅಂದಾಗ ನೆನಪಾಯಿತು. 2021ರಲ್ಲಿ ಅಪ್ಪು ಹೋದಾಗ ಅವರ ಎರಡು ಕಣ್ಣಿಂದ ನಾಲ್ಕು ಜನರಿಗೆ ದೃಷ್ಟಿ ಬಂತಲ್ಲ. ಕಾರ್ನಿಯಾದ ಮುಂದಿನ ಪದರ ಒಬ್ಬರಿಗೆ, ಹಿಂದಿನ ಪದರ ಇನ್ನೊಬ್ಬರಿಗೆ ಹಾಕಿದ್ದರು. ಇನ್ನೊಬ್ಬರು ತೀರಿಕೊಂಡು, ಅವರ ಮನೆಯವರು ದಾನ ಕೊಟ್ಟಾಗ ಮಾತ್ರ ಸಿಗುವ ವಸ್ತು ಅದು. ನಮ್ಮ ಸೋಮಾರಿತನಕ್ಕೆ ಅದು ಖರ್ಚಾಗಬಾರದು ಅಲ್ವಾ.

ಮಾತ್ರೆ ಚೀಟಿ:
ನಾನು ಮೆಡಿಕಲ್ ಶಾಪ್ ನಡೆಸುತ್ತೇನೆ. ಅಡಿಕೆ ತೋಟದ ಅಣ್ಣ ಹೇಳಿದ "ಒಂದು ದಿನ ಹಾಯೆನಿಸಿತು" ಅನ್ನುವುದನ್ನು ಎಲ್ಲರೂ ಇನ್ನೊಮ್ಮೆ ಓದಿ. ಅದು ಸ್ಟೀರಾಯ್ಡ್ ಇರುವ ಡ್ರಾಪ್ಸ್ ಆಗಿರುವ ಸಾಧ್ಯತೆಯೇ ಜಾಸ್ತಿ. ಸ್ಟೀರಾಯ್ಡ್ ಕೆಂಪು ಇಳಿಸುತ್ತದೆ, ಕ್ರಿಮಿಯನ್ನು ಕೊಲ್ಲುವುದಿಲ್ಲ. ಬದಲಿಗೆ ಕ್ರಿಮಿಯ ಜೊತೆ ಹೋರಾಡುವ ನಮ್ಮ ಶಕ್ತಿಯನ್ನೇ ಮಲಗಿಸುತ್ತದೆ. ಶಿಲೀಂಧ್ರದ ಸೋಂಕಾಗಿದ್ದರಂತೂ ಕಥೆ ಮುಗಿದ ಹಾಗೆ. ಬಾಟಲಿ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಲೋಟೆಪ್ರೆಡ್ನಾಲ್ ಇವುಗಳಲ್ಲಿ ಯಾವುದಾದರೂ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಮುಟ್ಟಬೇಡಿ. ಆಂಟಿಬಯಾಟಿಕ್ ಜೊತೆ ಸೇರಿಸಿಯೂ ಬರುತ್ತದೆ, ಸಣ್ಣ ಅಕ್ಷರ ಓದಿ. ಹೋದ ಸಲ ಮನೆಯಲ್ಲಿ ಉಳಿದ ಬಾಟಲಿಯೂ ಬೇಡ. ನಾವು ಕೊಡುವುದಿಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಆ ಸಂಕಟ ಬೇರೆ.

ಬಡಗುತಿಟ್ಟು:
ನಾನು ಹವ್ಯಾಸಿ ವೇಷಧಾರಿ ಮಾರಾಯ್ರೆ. ಕನ್ನಡಕ ಹಾಕಿ ರಂಗಕ್ಕೆ ಹೋಗುವ ಹಾಗಿಲ್ಲ, ಲೆನ್ಸೇ ಗತಿ. ಬೆಳಗಿನ ಜಾವ ಆಟ ಮುಗಿದು ಬಣ್ಣ ತೆಗೆದು ವ್ಯಾನ್ ಹತ್ತಿದರೆ ಎಲ್ಲಿಯ ಲೆನ್ಸ್, ಎಲ್ಲಿಯ ನಾನು. ಕುಂದಾಪುರ ಬಂದಾಗ ಎಚ್ಚರ, ಲೆನ್ಸ್ ಗುಡ್ಡೆಗೆ ಅಂಟಿಕೊಂಡಿರುತ್ತದೆ. ಆಗ ಏನು ಮಾಡುವುದು? ಎಳೆದರೆ ಕಣ್ಣೇ ಕಿತ್ತು ಬರುವ ಹಾಗೆ ಆಗುತ್ತದೆ.

ಕಣ್ಣಳತೆ:
ಎಳೆಯಲೇಬೇಡಿ. ಒಣಗಿದ ಲೆನ್ಸ್ ಎಳೆದರೆ ಕಾರ್ನಿಯಾದ ಮೇಲ್ಪದರ ಕಿತ್ತು ಬರುತ್ತದೆ, ಅಲ್ಲಿಂದಲೇ ಕ್ರಿಮಿಗೆ ಬಾಗಿಲು. ಲೆನ್ಸ್ ಹಾಕಿರುವಾಗ ಬಳಸಬಹುದಾದ ತೇವದ ಹನಿ ಸಿಗುತ್ತದೆ, ಅದನ್ನು ಎರಡು ಮೂರು ಹನಿ ಹಾಕಿ, ಕಣ್ಣು ಮುಚ್ಚಿ ತೆರೆದು ಮಾಡಿ. ಹತ್ತು ನಿಮಿಷ ಬಿಡಿ. ಲೆನ್ಸ್ ಗುಡ್ಡೆಯ ಮೇಲೆ ತಾನಾಗಿ ಜಾರಲು ಶುರುವಾದ ಮೇಲೆ, ಕೈ ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿಕೊಂಡು ತೆಗೆಯಿರಿ. ಬಿಸ್ಲೆರಿ ನೀರು, ನಲ್ಲಿ ನೀರು, ಎಂಜಲು ಯಾವುದೂ ಬೇಡ. ನೀರಿನಲ್ಲಿ ಅಕಾಂತಮೀಬಾ ಅಂತ ಒಂದು ಜೀವಿ ಇರುತ್ತದೆ, ಅದು ಅಪರೂಪಕ್ಕೆ ಹಿಡಿದರೂ ತಿಂಗಳುಗಟ್ಟಲೆ ಚಿಕಿತ್ಸೆ, ನೋವು ಹೇಳತೀರದು. ಆಮೇಲೆ ಆ ದಿನ ಮತ್ತೆ ಲೆನ್ಸ್ ಹಾಕಬೇಡಿ, ಕಣ್ಣಿಗೂ ರಜೆ ಕೊಡಿ.

ನಿಮಗೆ ಇನ್ನೊಂದು ದಾರಿ ಇದೆ. ಆಟ ಇರುವ ದಿನಕ್ಕೆ ಮಾತ್ರ, ಒಂದು ಸಲ ಹಾಕಿ ಎಸೆಯುವ ಡೈಲಿ ಡಿಸ್ಪೋಸಬಲ್ ಲೆನ್ಸ್ ತೆಗೆದುಕೊಳ್ಳಿ. ಬಣ್ಣ ಬಳಿಯುವ ಮೊದಲೇ ಹಾಕಿಕೊಳ್ಳಿ. ಚೌಕಿಯಲ್ಲಿ ಬಣ್ಣ ತೆಗೆಯುವ ಮೊದಲು ಕೈ ತೊಳೆದು ತೆಗೆದು ಬಿಸಾಕಿ. ಎಣ್ಣೆ ಹಚ್ಚಿ ಬಣ್ಣ ಒರೆಸಿದ ಕೈಯಲ್ಲಿ ಲೆನ್ಸ್ ಮುಟ್ಟುವುದು ತಪ್ಪುತ್ತದೆ. ಡಬ್ಬಿಯೂ ಬೇಡ, ಸೊಲ್ಯೂಷನ್ನೂ ಬೇಡ.

ಬಡಗುತಿಟ್ಟು:
ಇದು ಆಗುವ ಮಾತು. ಭಾಗವತರಿಗೂ ಹೇಳುತ್ತೇನೆ, ಅವರೂ ಲೆನ್ಸಿನವರೇ.

ಶಿರಸಿ ಅಮ್ಮ:
ನನಗೆ ತಲೆ ಕೆಟ್ಟಿತು. ನನ್ನ ಮಗನಿಗೆ ಕಣ್ಣಿನ ಡಾಕ್ಟರೇ ರಾತ್ರಿ ಹಾಕಿ ಮಲಗುವ ಲೆನ್ಸ್ ಕೊಟ್ಟಿದ್ದಾರೆ. ಆರ್ಥೋ-ಕೆ ಅಂತ. ಬೆಳಿಗ್ಗೆ ತೆಗೆದರೆ ದಿನವಿಡೀ ಕನ್ನಡಕ ಬೇಡ. ಹಾಗಾದರೆ ಅದು ತಪ್ಪಾ?

ಕಣ್ಣಳತೆ:
ತಪ್ಪಲ್ಲ ಅಮ್ಮ, ಅದು ಬೇರೆ ಜಾತಿ. ಗಟ್ಟಿ ಲೆನ್ಸ್, ಆಮ್ಲಜನಕ ಚೆನ್ನಾಗಿ ಬಿಡುವ ವಸ್ತು. ರಾತ್ರಿ ಕಾರ್ನಿಯಾವನ್ನು ಸ್ವಲ್ಪ ಚಪ್ಪಟೆ ಮಾಡಲೆಂದೇ ಅಳತೆ ತೆಗೆದು ಮಾಡಿಸಿದ್ದು. ಅಮೆರಿಕದಲ್ಲಿ 2002ರಿಂದ ರಾತ್ರಿ ಬಳಕೆಗೆ ಒಪ್ಪಿಗೆ ಇದೆ. ಆದರೂ ಮಲಗುವುದು ಮಲಗುವುದೇ, ಸೋಂಕಿನ ಭಯ ಅದಕ್ಕೂ ಇದೆ. ಅದಕ್ಕೇ ನಿಮಗೆ ಅಷ್ಟು ಸಲ ಚೆಕಪ್‌ಗೆ ಬನ್ನಿ ಅನ್ನುವುದು. ತೊಳೆಯುವ ಕೆಲಸ ಮಗನಿಗೆ ಬಿಡದೆ ನೀವೇ ನಿಂತು ನೋಡಿ. ನಲ್ಲಿ ನೀರು ತಾಗಿಸಬೇಡಿ. ಲೇಸರ್ ಆದ ಮೇಲೆ ಡಾಕ್ಟರು ಬ್ಯಾಂಡೇಜ್ ಲೆನ್ಸ್ ಅಂತ ಹಾಕಿ ಕೆಲವು ದಿನ ಬಿಡುವುದೂ ಹೀಗೇ, ಜೊತೆಗೆ ಆಂಟಿಬಯಾಟಿಕ್ ಹನಿ ಇರುತ್ತದೆ, ಅವರು ನೋಡುತ್ತಿರುತ್ತಾರೆ. ಇವೆರಡನ್ನೂ ತೋರಿಸಿ "ನೋಡಿ, ಮಲಗಬಹುದಂತೆ" ಅನ್ನುವವರು ಬಹಳ.

ತುಂಗಾತೀರ:
ಮಧ್ಯಾಹ್ನ ಊಟ ಆದ ಮೇಲೆ ಅರ್ಧ ಗಂಟೆ ಒರಗುವುದು?

ಕಣ್ಣಳತೆ:
ಇಡೀ ರಾತ್ರಿಯಷ್ಟು ಕೆಟ್ಟದ್ದಲ್ಲ. ಆದರೂ ತೆಗೆದೇ ಒರಗಿ. ಭಾನುವಾರದ ಊಟದ ಮೇಲೆ ಅರ್ಧ ಗಂಟೆ ಅಂತ ಮಲಗಿದವರು ಅರ್ಧ ಗಂಟೆಗೆ ಎದ್ದದ್ದನ್ನು ನಾನಂತೂ ನೋಡಿಲ್ಲ.

ಬೆಣ್ಣೆದೋಸೆ:
ಎಲ್ಲರಿಗೂ ಧನ್ಯವಾದ. ತಂಗಿ ಕಾಗದದ ಫೋಟೊ ಕಳಿಸಿದಳು. 'ಡೈಲಿ ವೇರ್' ಅಂತಲೇ ಇದೆ. ಅಂಗಡಿಯವರ ಮಾತು ಸುಳ್ಳು. ಇನ್ನೊಂದು ವಿಷಯ, ಬಿಡಿಸಿ ಕೇಳಿದ ಮೇಲೆ ಬಾಯಿಬಿಟ್ಟಳು. ಇವತ್ತು ಎದ್ದಾಗಿನಿಂದ ಬಲಗಣ್ಣು ಮಾತ್ರ ಕೆಂಪು, ನೀರು ಸೋರುತ್ತಿದೆ, ಬೆಳಕು ನೋಡಲು ಕಷ್ಟ ಅಂತೆ. ಸೋಮವಾರದವರೆಗೆ ನೋಡೋಣ ಅಂತಿದ್ದಾಳೆ.

ಕಣ್ಣಳತೆ:
ಸೋಮವಾರ ಬೇಡ. ಈಗಲೇ ಹೋಗಲಿ. ಒಂದೇ ಕಣ್ಣು ಕೆಂಪು, ಬೆಳಕು ಆಗದಿರುವುದು, ನೀರು, ಜೊತೆಗೆ ಲೆನ್ಸಲ್ಲಿ ಮಲಗಿದ್ದು: ಇಷ್ಟಿದ್ದರೆ ಕಾಯುವ ಹಾಗಿಲ್ಲ. ಎರಡೂ ಲೆನ್ಸ್ ತೆಗೆದು ಅದೇ ಡಬ್ಬಿಯಲ್ಲಿ ಹಾಕಿ ಜೊತೆಗೆ ಒಯ್ಯಲಿ, ಎಸೆಯುವುದು ಬೇಡ. ಯಾವ ಹನಿಯನ್ನೂ ತಾನಾಗಿ ಹಾಕುವುದು ಬೇಡ. ರಾತ್ರಿ ಕಣ್ಣಿನ ಡಾಕ್ಟರು ಇರುವ ದೊಡ್ಡ ಆಸ್ಪತ್ರೆಗಳು ಬೆಂಗಳೂರಿನಲ್ಲಿ ಇವೆ, ಫೋನ್ ಮಾಡಿ ಕೇಳಿಕೊಂಡು ಹೊರಡಲಿ.

ಅಡಿಕೆ ತೋಟ:
ಹೌದು ತಂಗಿ, ಹೊರಡಿಸಿ. ಒಂದು ದಿನ ತಡ ಮಾಡಿದ್ದಕ್ಕೆ ನಮ್ಮ ಹುಡುಗ ಏನು ತೆತ್ತ ಅಂತ ಮೇಲೆ ಬರೆದಿದ್ದೇನೆ.

ಬೆಣ್ಣೆದೋಸೆ:
ರೂಮ್‌ಮೇಟ್ ಜೊತೆ ಹೋಗಿ ಬಂದಳು. ಹಳದಿ ಬಣ್ಣ ಹಾಕಿ, ನೀಲಿ ಬೆಳಕು ಬಿಟ್ಟು ನೋಡಿದರಂತೆ. ಹುಣ್ಣು ಆಗಿಲ್ಲ. ಮಲಗಿದಾಗ ಲೆನ್ಸಲ್ಲಿ ಕೂತ ಬ್ಯಾಕ್ಟೀರಿಯಾದ ವಿಷಕ್ಕೆ ಕಣ್ಣು ಕೆರಳಿದೆ, ಸರಿಯಾದ ಹೊತ್ತಿಗೆ ಬಂದಿರಿ ಅಂದರಂತೆ. ಹನಿ ಕೊಟ್ಟಿದ್ದಾರೆ, ಎರಡು ದಿನದಲ್ಲಿ ಮತ್ತೆ ತೋರಿಸಬೇಕು. ಕಣ್ಣು ಪೂರ್ತಿ ಬಿಳಿಯಾಗುವವರೆಗೆ ಲೆನ್ಸ್ ಬಂದ್. ಆ ಡಬ್ಬಿ, ಆ ಲೆನ್ಸ್ ಎರಡೂ ಎಸೆದು ಹೊಸದು. ಡಬ್ಬಿ ಮೂರು ತಿಂಗಳಿಗೊಮ್ಮೆ ಬದಲಿಸಬೇಕು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಹಳೇ ಸೊಲ್ಯೂಷನ್ ಚೆಲ್ಲದೆ ಅದರ ಮೇಲೇ ಹೊಸದು ಸುರಿಯುತ್ತಿದ್ದಳಂತೆ.

ಈಗ ತೊಂದರೆ ಏನೆಂದರೆ ಅವಳ ಹತ್ತಿರ ಇರುವ ಕನ್ನಡಕ ಪಿಯುಸಿ ಕಾಲದ್ದು, ಮೈನಸ್ ನಾಲ್ಕು. ಹಾಕಿಕೊಂಡರೆ ಬಸ್ಸಿನ ಬೋರ್ಡೂ ಕಾಣುವುದಿಲ್ಲ.

ಕಣ್ಣಳತೆ:
ಇಲ್ಲಿದೆ ನೋಡಿ ಮೂಲ. ಲೆನ್ಸಲ್ಲಿ ಮಲಗುವವರು ಸೋಮಾರಿಗಳು ಅಂತ ಎಲ್ಲ ಅಂದುಕೊಳ್ಳುತ್ತಾರೆ. ನಾನು ನೋಡಿದವರಲ್ಲಿ ಬಹಳ ಜನರ ಹತ್ತಿರ ಸರಿಯಾದ ಪವರಿನ ಕನ್ನಡಕವೇ ಇರುವುದಿಲ್ಲ. ತೆಗೆದರೆ ಕುರುಡು, ಅದಕ್ಕೇ ತೆಗೆಯುವುದಿಲ್ಲ. ಬಸ್ಸಲ್ಲಿ, ಕ್ಯಾಬಲ್ಲಿ, ಹೊಸ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಅದು ಭಯದ ಮಾತೂ ಹೌದು. ಲೆನ್ಸ್ ದುಡ್ಡಿನಲ್ಲಿ ಒಂದು ಭಾಗ ಮೊದಲು ಕನ್ನಡಕಕ್ಕೆ ಇಡಲಿ. ಪಾಳಿ ಮುಗಿದ ತಕ್ಷಣ ಆಫೀಸಲ್ಲೇ ಕೈ ತೊಳೆದು ಲೆನ್ಸ್ ತೆಗೆದು, ಕನ್ನಡಕ ಹಾಕಿಕೊಂಡು ಕ್ಯಾಬ್ ಹತ್ತಲಿ. ಬಸ್ಸಿಗೆ ಹೋಗುವಾಗ ಡಬ್ಬಿ, ಸೊಲ್ಯೂಷನ್, ಕನ್ನಡಕ ಮೂರೂ ಕೈಚೀಲದಲ್ಲಿ. ಡಿಕ್ಕಿಯಲ್ಲಿ ಹಾಕಿದ ಬ್ಯಾಗಿನಲ್ಲಿದ್ದರೆ ಇಲ್ಲದ ಹಾಗೆಯೇ.

ಗಂಡಭೇರುಂಡ:
ಕಣ್ಣಳತೆ ಸರ್, ಒಂದು ಮಾತು ಕೇಳಲಾ. ನನ್ನದು ಮೈನಸ್ ಆರೂವರೆ. ನನ್ನ ಕನ್ನಡಕವೂ ಮುರಿದು ಕೂತಿದೆ. ಮಾಡಿಸಿದರೆ ಸೋಡಾ ಬಾಟಲಿ ತಳದ ಹಾಗೆ ಬರುತ್ತದೆ ಅಂತ ಮಾಡಿಸಿಯೇ ಇಲ್ಲ. ತೆಳ್ಳಗೆ ಬರುವುದಕ್ಕೆ ಏನು ಕೇಳಬೇಕು ಅಂಗಡಿಯಲ್ಲಿ?

ಕಣ್ಣಳತೆ:
1.67 ಇಂಡೆಕ್ಸ್ ಗಾಜು ಕೇಳಿ. 1.74 ಇನ್ನೂ ತೆಳ್ಳಗೆ, ಬೆಲೆ ಮಾತ್ರ ಜಾಸ್ತಿ. ಅದಕ್ಕಿಂತ ಮುಖ್ಯ ಫ್ರೇಮ್: ಚಿಕ್ಕದು, ದುಂಡಗಿನದು, ನಿಮ್ಮ ಕಣ್ಣು ಗಾಜಿನ ಮಧ್ಯಕ್ಕೆ ಬರುವಂಥದ್ದು ಆರಿಸಿ. ಮೈನಸ್ ಗಾಜು ದಪ್ಪ ಆಗುವುದು ಅಂಚಿನಲ್ಲಿ, ಫ್ರೇಮ್ ಚಿಕ್ಕದಾದರೆ ಆ ದಪ್ಪ ಭಾಗ ಕತ್ತರಿಸಿ ಹೋಗುತ್ತದೆ. ಪವರ್ ಮಾತ್ರ ಹೊಸದಾಗಿ ಪರೀಕ್ಷೆ ಮಾಡಿಸಿ. ಹಿಂದಿನ ರಾತ್ರಿ ಲೆನ್ಸ್ ಹಾಕಿ ಮಲಗಿ ಬೆಳಿಗ್ಗೆ ಪರೀಕ್ಷೆಗೆ ಹೋಗಬೇಡಿ, ಊದಿದ ಕಾರ್ನಿಯಾದಲ್ಲಿ ನಂಬರು ಸರಿಯಾಗಿ ಬರುವುದಿಲ್ಲ.

ಗಂಡಭೇರುಂಡ:
ಶನಿವಾರ ಹೋಗುತ್ತೇನೆ. ಶುಕ್ರವಾರ ರಾತ್ರಿ ತೆಗೆದೇ ಮಲಗುತ್ತೇನೆ, ಮೇಷ್ಟ್ರಿಗೆ ಹೇಳಿ.